ಹನ್ನೊಂದು ಗಂಟೆಯ ಸೋಫಾ

ಭಾನುವಾರ, ಹದಿನಾಲ್ಕನೇ ತಾರೀಖು
ಹಾಸ್ಟೆಲ್, ಎರಡನೇ ಮಹಡಿ, ಕಿಟಕಿ ಪಕ್ಕದ ಮೇಜು

ಪ್ರೀತಿಯ ಅಮ್ಮನಿಗೆ,

ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೇನೆ, ಜ್ವರವಿಲ್ಲ, ಕನ್ನಡಕ ಒಡೆದಿಲ್ಲ. ಈ ಮೂರನ್ನು ಮೊದಲೇ ಬರೆದುಬಿಟ್ಟರೆ ಉಳಿದದ್ದನ್ನು ನೀನು ಸಮಾಧಾನದಿಂದ ಓದುತ್ತೀಯ ಅಂತ ಗೊತ್ತು. ಮೂರು ಭಾನುವಾರ ಪತ್ರ ತಪ್ಪಿಸಿದೆ, ಕ್ಷಮಿಸು. ಪೋಸ್ಟ್ ಆಫೀಸಿನಲ್ಲಿ ದಿನವಿಡೀ ಕಂಡವರ ಪತ್ರಗಳನ್ನೆಲ್ಲ ವಿಂಗಡಿಸುವ ನೀನು, ಕೊನೆಗೆ ಬರಿಗೈಯಲ್ಲಿ ಮನೆಗೆ ಬರುತ್ತೀಯ ಅಂತ ಅಪ್ಪ ಫೋನಿನಲ್ಲಿ ಹೇಳಿದರು. ಫೋನಿನಲ್ಲಿ ನನಗೆ ಮಾತೇ ಹೊರಡುವುದಿಲ್ಲ. “ಹೂಂ, ಊಟ ಆಯ್ತು, ಹೂಂ” ಅಂದರೆ ಮುಗಿಯಿತು. ಎರಡನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಭಾನುವಾರದ ಪತ್ರ ಬರೆದೂ ಬರೆದೂ ನನ್ನ ನಾಲಿಗೆ ಪೆನ್ನಿನ ತುದಿಗೆ ಬಂದು ಕೂತಿದೆ. ಮಧ್ಯೆ ಮಧ್ಯೆ ಇಂಗ್ಲಿಷ್ ನುಸುಳಿದರೆ ಹಳೆಯ ಕಾಲದ ಹಾಗೆ ಕೆಂಪು ಶಾಯಿ ಹಾಕಿ ವಾಪಸ್ ಕಳಿಸಬೇಡ. ಆ ಇಂಗ್ಲಿಷ್ ಸ್ಕೂಲಿಗೆ ಸೇರಿಸಿದವಳು ನೀನೇ.

ಮುಖ್ಯ ಸುದ್ದಿ ಏನೆಂದರೆ, ನಾನು ಲೀಡರ್ ಆಗಿದ್ದೇನೆ. ನಕ್ಕು ಮುಗಿಸಿ ಮುಂದೆ ಓದು.

ಕಾಲೇಜಿನ ಮೊದಲ ವಾರ ಲೈಬ್ರರಿ ಕಾರ್ಡಿಗೆ ಅಂತ ಒಂದು ಕ್ಯೂನಲ್ಲಿ ನಿಂತೆ. ಮುಕ್ಕಾಲು ಗಂಟೆ ನಿಂತ ಮೇಲೆ ಮೇಜಿನ ಹತ್ತಿರ ಬಂದು ನೋಡಿದರೆ, ಅದು ‘ನಾಳೆಯ ನಾಯಕರು’ ಎಂಬ ಯೋಜನೆಯ ಕ್ಯೂ. ನಗರವನ್ನು ಸುಧಾರಿಸುವ, ಬೀದಿಬೀದಿಯ ಜನರನ್ನು ಒಗ್ಗೂಡಿಸುವ ಹೊಸ ತಲೆಮಾರಿನ ನಾಯಕರು ಬೇಕಾಗಿದ್ದರಂತೆ. ತಪ್ಪಿ ಬಂದೆ ಅನ್ನಲು ಧೈರ್ಯ ಸಾಲದೆ ಸಹಿ ಮಾಡಿದೆ. ಲೈಬ್ರರಿ ಕಾರ್ಡ್ ಇನ್ನೂ ಆಗಿಲ್ಲ.

ನಮ್ಮದು ಐದು ಜನರ ಟೀಮ್. ಮೂರನೇ ವರ್ಷದ ಹುಡುಗನೊಬ್ಬ ಮುಖ್ಯಸ್ಥ. ಅವನನ್ನು ಎಲ್ಲರೂ ಕ್ಯಾಪ್ಟನ್ ಅನ್ನುತ್ತಾರೆ. ಒಳ್ಳೆಯವನೇ, ಆದರೆ ಚಹಾ ಕುಡಿದು ಲೋಟ ಕೆಳಗಿಟ್ಟರೂ ಅದರ ಇಂಪ್ಯಾಕ್ಟ್ ಏನು ಅಂತ ಕೇಳುವ ಜಾತಿ. ಎಲ್ಲರಿಗೂ ಹಸಿರು ಟೀ ಶರ್ಟ್ ಕೊಟ್ಟರು, ಬೆನ್ನ ಮೇಲೆ ‘ಬದಲಾವಣೆ ನನ್ನಿಂದ’ ಅಂತ ಬರೆದಿದೆ. ನನ್ನ ಪಾಲಿಗೆ ಉಳಿದದ್ದು ಮಂಡಿ ಮುಟ್ಟುವಂಥದ್ದು. ಅದನ್ನು ಹಾಕಿಕೊಂಡರೆ ಬದಲಾವಣೆ ಎಲ್ಲೋ ಒಳಗೆ ಕಳೆದುಹೋಗಿರುವಂತೆ ಕಾಣುತ್ತೇನೆ.

ನಮಗೆ ಸಿಕ್ಕಿದ್ದು ಮಾರುಕಟ್ಟೆಯ ಹಿಂದಿನ ಒಂದು ಬೀದಿ. ಎರಡೂ ಕಡೆ ನಾಲ್ಕಂತಸ್ತಿನ ಕಟ್ಟಡಗಳು, ಕೆಳಗೆ ಅಂಗಡಿಗಳು. ತಿರುವಿನಲ್ಲಿ, ದೀಪದ ಕಂಬದ ಬುಡದಲ್ಲಿ ಒಂದು ಸೋಫಾ. ಕಂದು ರೆಕ್ಸಿನ್ನು, ಒಂದು ತೋಳು ಇಲ್ಲ, ಒಂದು ಕಾಲಿನ ಬದಲು ಎರಡು ಇಟ್ಟಿಗೆ, ನಡುಮಧ್ಯೆ ಸ್ಪ್ರಿಂಗ್ ಹೊರಗೆ ಬಂದು ಇಣುಕುತ್ತಿತ್ತು. ಅದನ್ನು ಕಂಡ ಕ್ಯಾಪ್ಟನ್ನಿಗೆ ಹಬ್ಬ. ಇದನ್ನು ಎತ್ತಿಸಿ ಹೂಕುಂಡ ಇಟ್ಟರೆ ಮೊದಲು ಹೀಗಿತ್ತು, ಈಗ ಹೀಗಿದೆ ಅಂತ ಎರಡು ಫೋಟೋ ಸಾಕು, ತೀರ್ಪುಗಾರರು ಮಾತೇ ಆಡುವುದಿಲ್ಲ ಅಂದ.

ಆದರೆ ಯೋಜನೆಯಲ್ಲಿ ಒಂದು ನಿಯಮವಿದೆ. ಬೀದಿಯಿಂದ ಏನನ್ನೇ ಎತ್ತಿಸುವ ಮೊದಲು ಮೂರು ದಿನ ಕೂತು, ಅದನ್ನು ಎಷ್ಟು ಜನ ಬಳಸುತ್ತಾರೆ ಅಂತ ಎಣಿಸಬೇಕು. ಆ ಸರ್ವೇ ನನ್ನ ಪಾಲಿಗೆ ಬಂತು. ನನಗೆ ಕ್ಲಾಸ್ ಇಲ್ಲದಿದ್ದದ್ದು ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರವರೆಗೆ. ಮೂರೂ ದಿನ ಅದೇ ಹೊತ್ತಿಗೆ ಹೋಗಿ ಎದುರಿನ ಮೆಟ್ಟಿಲ ಮೇಲೆ ನೋಟ್‌ಬುಕ್ ಹಿಡಿದು ಕೂತೆ. ಮೊದಲ ದಿನ ಒಂದು ನಾಯಿ ಬಂದು ಮಲಗಿತು. ಎರಡನೇ ದಿನವೂ ಅದೇ ನಾಯಿ. ಮೂರನೇ ದಿನ ಅದೂ ರಜೆ. ಫಾರಮ್ಮಿನಲ್ಲಿ ‘ಬಳಕೆದಾರರು: ಸೊನ್ನೆ’ ಅಂತ ಬರೆದೆ. ಕೆಳಗೆ ‘ನಿವಾಸಿಗಳನ್ನು ವಿಚಾರಿಸಲಾಯಿತೇ?’ ಅಂತ ಇನ್ನೊಂದು ಪ್ರಶ್ನೆ ಇತ್ತು. ಹತ್ತು ಹೆಜ್ಜೆ ದೂರದ ಹೊಲಿಗೆ ಅಂಗಡಿಯಲ್ಲಿ ಟೈಲರಮ್ಮನ ಮಿಷನ್ ಟಕಟಕ ಓಡುತ್ತಲೇ ಇತ್ತು. ಗುರುತಿಲ್ಲದವರ ಹತ್ತಿರ ಹೋಗಿ ಮಾತಾಡುವುದೆಂದರೆ ನನಗೆ ಆಗದು, ನಿನಗೆ ಗೊತ್ತಲ್ಲ. ‘ಯಾರೂ ಲಭ್ಯವಿರಲಿಲ್ಲ’ ಅಂತ ಬರೆದು ಸಹಿ ಹಾಕಿದೆ.

ಹೋದ ವಾರ ಶುಕ್ರವಾರ ನಗರಸಭೆಯ ಲಾರಿ ಬಂದು ಸೋಫಾ ಹೊತ್ತುಕೊಂಡು ಹೋಯಿತು. ಆ ಜಾಗದಲ್ಲಿ ಎರಡು ದೊಡ್ಡ ಸಿಮೆಂಟ್ ಕುಂಡ, ನಡುವೆ ‘ಈ ಜಾಗ ನಿಮ್ಮದು’ ಎಂಬ ಬೋರ್ಡು. ಫೋಟೋ ಚೆನ್ನಾಗಿ ಬಂದಿದೆ. ಅದರಲ್ಲಿ ನಾನು ನಗುತ್ತಿದ್ದೇನೆ ಬೇರೆ.

ಗಿಡಕ್ಕೆ ನೀರು ಹಾಕುವ ಕೆಲಸವೂ ನನ್ನದೇ. ಸೋಮವಾರ ಲ್ಯಾಬ್ ತಡವಾಗಿ ಸಂಜೆ ಆರಕ್ಕೆ ಹೋದೆ. ಆ ಹೊತ್ತಿಗೆ ಆ ಬೀದಿಯನ್ನು ನೋಡಿದ್ದು ಅದೇ ಮೊದಲು. ಏಳೆಂಟು ಜನ ಕುಂಡಗಳ ಸುತ್ತ ನಿಂತಿದ್ದರು. ಹೇಗೆ ನಿಂತಿದ್ದರು ಅಂತೀಯ? ಸೋಫಾದ ಆಕಾರದಲ್ಲೇ. ಮೂವರು ಸಾಲಾಗಿ, ಹಿಂದೆ ಒರಗಿಕೊಂಡಂತೆ ಇಬ್ಬರು, ಇದ್ದ ಒಂದೇ ತೋಳಿನ ಜಾಗದಲ್ಲಿ ಟೈಲರಮ್ಮ. ಅವರ ನಡುವೆ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಒಬ್ಬ ಮುದುಕರು. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು, ಬೀದಿಗೆಲ್ಲ ಕಂಡಕ್ಟರ್ ತಾತ. ಆ ಸೋಫಾದಲ್ಲಿ ಯಾರು ಎಷ್ಟು ಹೊತ್ತು ಕೂರಬೇಕು, ಯಾರು ಸರಿಯಬೇಕು ಅಂತ ತೀರ್ಮಾನಿಸುತ್ತಿದ್ದವರು ಅವರೇ ಅಂತೆ. ನನ್ನ ಟೀ ಶರ್ಟ್ ನೋಡಿದ ಕೂಡಲೇ ಅವರು, “ಬಾಮ್ಮಾ ಲೀಡರ್ರು. ಸೀಟೆಲ್ಲ ಕಿತ್ಕೊಂಡು ಹೋದ್ರಿ, ಇನ್ನು ನಮ್ದೆಲ್ಲ ಸ್ಟ್ಯಾಂಡಿಂಗೇ” ಅಂದರು.

ಟೈಲರಮ್ಮ ಬೋರ್ಡಿನ ಕಡೆ ಕತ್ತರಿ ತೋರಿಸಿ, “ನಿಮ್ಮದು ಅಂತ ಬರೆಯೋಕ್ ಮುಂಚೆ ನಮ್ಮದೇ ಆಗಿತ್ತಲ್ಲಮ್ಮ” ಅಂದರು.

ಅಮ್ಮಾ, ಕೈಯಲ್ಲಿದ್ದ ನೀರಿನ ಡಬ್ಬಿ ಸಮೇತ ಭೂಮಿ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು. ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಮೂರನೇ ಮಹಡಿಯಲ್ಲಿ ಮಂಡಿನೋವಿನ ಒಬ್ಬ ಅಜ್ಜಿ ಒಬ್ಬರೇ ಇದ್ದಾರೆ. ದಿನವೂ ಸಂಜೆ ನಲವತ್ತೆಂಟು ಮೆಟ್ಟಿಲು ಇಳಿದು, ಹಾಲು ಕೊಂಡು, ಸೋಫಾದಲ್ಲಿ ಒಂದು ಗಂಟೆ ಕೂತು, ನಾಲ್ಕು ಮಾತಾಡಿ, ಕಾಲಿಗೆ ಬಲ ಬಂದ ಮೇಲೆ ಹತ್ತಿ ಹೋಗುತ್ತಿದ್ದರು. ಕೂರಲು ಜಾಗವಿಲ್ಲ ಅಂದಮೇಲೆ ಇಳಿದರೆ ಹತ್ತುವುದು ಹೇಗೆ? ಶುಕ್ರವಾರದಿಂದ ಅವರು ಬಾಗಿಲು ದಾಟಿಲ್ಲ. ಹಾಲು ಟೈಲರಮ್ಮ ಕೊಂಡೊಯ್ಯುತ್ತಾರೆ, ಆದರೆ ಮಾತನ್ನು ಪ್ಯಾಕೆಟ್ಟಿನಲ್ಲಿ ಕೊಂಡೊಯ್ಯಲಾದೀತೇ? ಹೀಗೇ ವಾರ ಕಳೆದರೆ ಅಜ್ಜಿ ಮತ್ತೆ ಇಳಿಯುವುದೇ ಇಲ್ಲ, ಅಭ್ಯಾಸ ತಪ್ಪಿದ ಮಂಡಿ ಮತ್ತೆ ಮಾತು ಕೇಳುವುದಿಲ್ಲ ಅಂತ ಟೈಲರಮ್ಮ ಹೇಳಿದರು.

ಕ್ಯಾಪ್ಟನ್ನಿಗೆ ಹೇಳಿದೆ. ಶನಿವಾರ ತೀರ್ಪುಗಾರರು ಬಂದು ಹೋಗಲಿ, ಆಮೇಲೆ ನೋಡೋಣ ಅಂದ. ಆಮೇಲೆ ಗೋಳಾಡುವ ದನಿಯಲ್ಲಿ, “ಮಾಡಿರೋ ಇಂಪ್ಯಾಕ್ಟನ್ನ ಯಾರಾದ್ರೂ ವಾಪಸ್ ತರ್ತಾರಾ?” ಅಂದ.

ಎರಡು ದಿನ ಅನ್ನ ಸೇರಲಿಲ್ಲ. (ಮೇಲೆ ಹೊತ್ತು ಹೊತ್ತಿಗೆ ಊಟ ಅಂದದ್ದು ಈ ಎರಡು ದಿನ ಬಿಟ್ಟು.) ಬುಧವಾರ ಕ್ಲಾಸ್ ತಪ್ಪಿಸಿ, ಟೈಲರಮ್ಮ ಮತ್ತು ಕಂಡಕ್ಟರ್ ತಾತನ ಜೊತೆ ಊರಾಚೆಯ ಕಸದ ಯಾರ್ಡಿಗೆ ಹೋದೆ. ಹುಡುಕುವ ಕಷ್ಟವೇ ಬರಲಿಲ್ಲ. ಗೇಟಿನ ಪಕ್ಕದಲ್ಲೇ ಸೋಫಾ ಇತ್ತು, ಅದರ ಮೇಲೆ ಕಾವಲುಗಾರ ಕಾಲು ಚಾಚಿ ಒರಗಿದ್ದ. ಹನ್ನೊಂದು ವರ್ಷದ ನೌಕರಿಯಲ್ಲಿ ಅವನಿಗೆ ಕುರ್ಚಿ ಕೊಟ್ಟವರಿಲ್ಲವಂತೆ. ಬಯಸಿದ್ದು ಬಾಗಿಲಿಗೇ ಬಂದಿತ್ತು, ಬಿಡುತ್ತಾನೆಯೇ? ಗೇಟಿನೊಳಗೆ ಬಂದದ್ದೆಲ್ಲ ಕಸ, ಕಸ ಒಳಗೆ ಬರಲು ಫಾರಂ ಇದೆ, ಹೊರಗೆ ಹೋಗಲು ಇಲ್ಲ ಅಂತ ಕಾನೂನು ಹೇಳಿದ. ಇದು ಕಸವೇ ಅಲ್ಲ ಅಂತ ತಾತ ವಾದಿಸಿದರು. ಕಾವಲುಗಾರ ಒಳಗಿನಿಂದ ಒಂದು ಕಾಗದ ತಂದು ಹಿಡಿದ.

“ಕಸ ಅಂತ ನಾನ್ ಹೇಳಿಲ್ಲ ಯಜಮಾನ್ರೇ, ಇದ್ರಲ್ಲಿ ಬರ್ದಿದೆ. ಸಹಿ ಮಾಡ್ದೋರು ಯಾರೋ, ಅವ್ರೇ ಬಂದು ತಪ್ಪಾಯ್ತು ಅಂತ ಬರ್ದುಕೊಡ್ಲಿ.”

ನನ್ನದೇ ಸರ್ವೇ ಫಾರಂ, ಕೆಳಗೆ ನನ್ನ ದುಂಡು ದುಂಡು ಸಹಿ. ಟೈಲರಮ್ಮನೂ ತಾತನೂ ಕಾಗದ ನೋಡಿದರು, ನನ್ನನ್ನು ನೋಡಿದರು. ಅಲ್ಲಿಯವರೆಗೂ ಎತ್ತಿಸಿದ್ದು ಟೀಮ್ ಅಂತ ಅವರಿಗೆ ಗೊತ್ತಿತ್ತು, ಸೊನ್ನೆ ಬರೆದದ್ದು ನಾನು ಅಂತ ಹೇಳಿರಲಿಲ್ಲ. ಬರೆದುಕೊಟ್ಟರೆ ಅದರ ಪ್ರತಿ ತೀರ್ಪುಗಾರರಿಗೂ ಹೋಗುತ್ತದೆ, ಯೋಜನೆಯಿಂದ ಹೆಸರು ತೆಗೆದರೂ ತೆಗೆದಾರು. ತಾತ ಕಿವಿಯ ಪೆನ್ಸಿಲ್ ತೆಗೆದು ನನ್ನ ಕೈಗಿತ್ತರು. ನಾನು ಬರೆದೆ: ‘ಎಣಿಸಿದ ಹೊತ್ತು ತಪ್ಪು. ಜನ ಇದ್ದರು, ನಾನು ಕೇಳಲಿಲ್ಲ.’ ಈ ಕಾಲೇಜಿಗೆ ಬಂದ ಮೇಲೆ ನಾನು ಬರೆದ ಮೊದಲ ನಿಜವಾದ ವಾಕ್ಯ ಅದು.

ಕಾವಲುಗಾರ ಓದಿ ಮಡಿಚಿ ಜೇಬಿಗಿಟ್ಟ, ಆದರೆ ಹೋಗಿ ಮತ್ತೆ ಸೋಫಾದಲ್ಲೇ ಕೂತ. ಆಮೇಲೆ ಅರ್ಧ ಗಂಟೆ ಚೌಕಾಸಿ. ಕೊನೆಗೆ ಒಂದು ಸಿಮೆಂಟ್ ಕುಂಡ ಅವನಿಗೆ, ಡ್ಯೂಟಿ ಮುಗಿದ ಮೇಲೆ ಆರರಿಂದ ಆರೂವರೆ ಸೋಫಾದಲ್ಲಿ ಕಿಟಕಿ ಪಕ್ಕದ ಸೀಟೂ ಅವನಿಗೆ ಅಂತ ತಾತ ಬರೆದುಕೊಟ್ಟರು. ಸೋಫಾಕ್ಕೆ ಕಿಟಕಿ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಈಗ ಅವನು ಕುಂಡವನ್ನು ಬೋರಲು ಹಾಕಿ ಅದರ ಮೇಲೆ ಕೂತು ಕೆಲಸ ಮಾಡುತ್ತಾನೆ. ತರಕಾರಿ ಗಾಡಿಯ ಮೇಲೆ ಸೋಫಾ ಏರಿಸಿ ತಳ್ಳಿಕೊಂಡು ಬಂದೆವು. ತಾತ ಮುಂದೆ ಮುಂದೆ ಸೀಟಿ ಊದುತ್ತ, ಎದುರು ಬಂದ ಲಾರಿಗಳಿಗೆಲ್ಲ ಕೈ ಅಡ್ಡ ಹಿಡಿಯುತ್ತ, ಬೀದಿಗೆ ತಿರುಗುವಾಗ “ರೈಟ್, ರೈಟ್” ಅಂದರು.

ಶನಿವಾರ ಸಂಜೆ ತೀರ್ಪುಗಾರರು ಮೂವರು ಬಂದರು. ಫೋಟೋ ತೆಗೆದ ದಿನದಿಂದ ಬೀದಿಗೆ ಬಾರದೆ, ಈಗ ಹೂಕುಂಡದ ಫೋಟೋ ಕೈಯಲ್ಲಿ ಹಿಡಿದು ಬಂದ ಕ್ಯಾಪ್ಟನ್, ಎದುರಿಗೆ ಸೋಫಾ ಕಂಡು ಸುಣ್ಣದ ಹಾಗೆ ಬಿಳುಚಿಕೊಂಡ. ಅವರಲ್ಲಿ ಹಿರಿಯ ಮೇಡಂ, ಬೆಳಿಗ್ಗೆಯಿಂದ ಬೀದಿ ಸುತ್ತಿ ಸುಸ್ತಾದವರು, ಏನೂ ಕೇಳದೆ ಮೊದಲು ಹೋಗಿ ಅದರ ಮೇಲೆ ಕೂತರು. ತಾತ ಅವರಿಗೂ “ಸ್ವಲ್ಪ ಮುಂದೆ ಸರೀರಿ, ಇನ್ನೊಬ್ರು ಬರೋರಿದಾರೆ” ಅಂದರು. ನಿಮ್ಮ ಟೀಮ್ ಏನು ಮಾಡಿತು ಅಂತ ಮೇಡಂ ಕೇಳಿದಾಗ ಕ್ಯಾಪ್ಟನ್ ಫೋಟೋವನ್ನು ಬೆನ್ನ ಹಿಂದೆ ಸರಿಸಿ, ಸಮುದಾಯದ ಆಸನ ವ್ಯವಸ್ಥೆಯನ್ನು ಮರುಸ್ಥಾಪಿಸಿದೆವು ಅಂದ. ಆ ಹುಡುಗ ಮುಂದೆ ಬರುತ್ತಾನೆ ಬಿಡು. ನಾಲ್ಕು ಟೀಮಿನಲ್ಲಿ ನಾವು ನಾಲ್ಕನೆಯವರು. ನನ್ನ ಹೆಸರು ತೆಗೆದಿಲ್ಲ. ಬೋರ್ಡೂ ಹಾಗೇ ಇದೆ, ಅದರ ಕೆಳಗೆ ತಾತ ಸೀಮೆಸುಣ್ಣದಲ್ಲಿ ‘ಹಿರಿಯರಿಗೆ ಸೀಟು ಬಿಟ್ಟುಕೊಡಿ’ ಅಂತ ಸೇರಿಸಿದ್ದಾರೆ.

ಆ ಇನ್ನೊಬ್ಬರು ಕಡೆಗೂ ಬಂದರು. ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಊರುತ್ತ ಮೂರನೇ ಮಹಡಿಯ ಅಜ್ಜಿ. ಕೂತು ಉಸಿರು ತಿರುಗಿಸಿಕೊಂಡ ಮೇಲೆ ಟೈಲರಮ್ಮ ನನ್ನನ್ನು ತೋರಿಸಿದರು. ಬೈಗುಳಕ್ಕೆ ತಯಾರಾಗಿ ನಿಂತೆ. ಅಜ್ಜಿ ಬೈಯಲಿಲ್ಲ.

“ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಮಗು” ಅಂದರು. ಅಷ್ಟು ಹೇಳಿ, ಪಕ್ಕಕ್ಕೆ ಸರಿದು, ನನಗೆ ಜಾಗ ಮಾಡಿಕೊಟ್ಟರು.

ಸ್ಪ್ರಿಂಗ್ ಚುಚ್ಚುತ್ತದೆ ಅಮ್ಮ, ಆದರೂ ಕೂತೆ.

ಅಪ್ಪನಿಗೆ ಮಾತ್ರೆ ನೆನಪಿಸು. ಪುಟ್ಟಿಗೆ ಲೆಕ್ಕದ ಪರೀಕ್ಷೆ ಹತ್ತಿರ ಬಂತಲ್ಲ, ಚೆನ್ನಾಗಿ ಮಾಡಲಿ, ಅಕ್ಕ ಲೀಡರ್ ಅಂತ ಗೆಳತಿಯರಿಗೆಲ್ಲ ಹೇಳುವುದು ಬೇಡ. ಸೋಮವಾರ ಲೈಬ್ರರಿ ಕ್ಯೂನಲ್ಲಿ ನಿಲ್ಲುತ್ತೇನೆ, ಈ ಸಲ ಮುಂದಿರುವವರನ್ನು ಕೇಳಿ ನಿಲ್ಲುತ್ತೇನೆ. ದೂರದಿಂದಲೇ ತಲೆ ಬಗ್ಗಿಸಿದ್ದೇನೆ, ಕೈ ಇಟ್ಟು ಹರಸು.

ನಿನ್ನ ದೊಡ್ಡ ಮಗಳು

ಮರೆತಿದ್ದೆ: ನಿಜ ಹೇಳಬೇಕೆಂದರೆ ಮರೆತಿರಲಿಲ್ಲ, ಮೇಲೆ ಬರೆಯಲು ಆಗಲಿಲ್ಲ. ಐದನೇ ಕ್ಲಾಸಿನ ರಜೆಗೆ ಬಂದಾಗ ಕಿಟಕಿ ಪಕ್ಕದ ನನ್ನ ಕಬ್ಬಿಣದ ಮಂಚ ಇರಲಿಲ್ಲ. ಆ ಜಾಗದಲ್ಲಿ ಪುಟ್ಟಿಯ ಮೇಜು ಇತ್ತು. “ಹತ್ತು ತಿಂಗಳು ಸುಮ್ನೆ ಖಾಲಿ ಬಿದ್ದಿರುತ್ತಲ್ಲ, ಚಿಕ್ಕಪ್ಪನಿಗೆ ಕೊಟ್ಟೆ” ಅಂದೆ ನೀನು. ನಾನೂ ಹೂಂ ಅಂದೆ, ನಕ್ಕೆ ಕೂಡ. ಅಂದಿನಿಂದ ಪ್ರತಿ ರಜೆಯಲ್ಲೂ ಹಾಲ್‌ನಲ್ಲಿ ಚಾಪೆ. ನಿನ್ನ ತಪ್ಪಲ್ಲ ಅಮ್ಮ, ನಾನಿಲ್ಲದ ತಿಂಗಳುಗಳಲ್ಲಿ ಎಣಿಸಿದರೆ ಸೊನ್ನೆಯೇ ಬರುತ್ತದೆ. ಮಂಚ ಬೇಡ, ಚಿಕ್ಕಪ್ಪನ ಹತ್ತಿರ ವಾಪಸ್ ಕೇಳಲೂ ಬೇಡ. ಈ ಸಲ ಬಂದಾಗ ಚಾಪೆ ಎಲ್ಲಿ ಹಾಸಲಿ ಅಂತ ನನ್ನನ್ನು ಒಂದು ಮಾತು ಕೇಳು.