ಉತ್ತರದ ಕಿಟಕಿಗಳು

ಅಪ್ಪಾ,

ನೀವು ಪಾಠ ಮಾಡುತ್ತಿದ್ದ ಹಳೇ ಮೆಡಿಕಲ್ ಕಾಲೇಜನ್ನು ಇವತ್ತು ಕೆಡವಿದರು. ಕರೆಂಟು ಬರುವ ಮೊದಲು ಕಟ್ಟಿದ್ದು, ಹೆಣ ಕೊಯ್ಯುವ ಮೇಜಿನ ಮೇಲೆ ನೆರಳು ಬೀಳಬಾರದೆಂದು ಉತ್ತರಕ್ಕೇ ಕಿಟಕಿ ಇಟ್ಟರು ಎಂದು ಕೊಚ್ಚಿಕೊಳ್ಳುತ್ತಿದ್ದಿರಲ್ಲ, ಮೊದಲು ಅವನ್ನೇ ಕಿತ್ತರು.

ಅಮ್ಮನನ್ನು ಒಂದು ಮಾತೂ ಕೇಳದೆ ನಿಮ್ಮ ದೇಹವನ್ನು ಆ ಮೇಜಿಗೇ ಬರೆದುಕೊಟ್ಟಿರಿ. ಹೂವಿಡಲು ನಮಗೊಂದು ಸಮಾಧಿಯೂ ಇಲ್ಲ. ವರ್ಷಕ್ಕೊಮ್ಮೆ ಅಮ್ಮ ಆ ಕೋಣೆಯಲ್ಲಿ ವಿದ್ಯಾರ್ಥಿಗಳು ಕೂರುವ ಗ್ಯಾಲರಿಯ ಮೆಟ್ಟಿಲು ಹತ್ತಿ, ಕೊನೆಯ ಬೆಂಚಿನಲ್ಲಿ ಕೂತು, ಕೆಳಗಿನ ಮೇಜನ್ನು ನೋಡಿ ಬರುತ್ತಿದ್ದಳು.

ಇವತ್ತು ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಕೆಡವುತ್ತಿದ್ದ ಮೇಸ್ತ್ರಿ, "ಧೂಳು ಬರ್ತದೆ, ದೂರ ನಿಂತ್ಕೊಳ್ಳಿ ಅಮ್ಮಾ. ಹೊಸ ಕಾಲೇಜು ಊರಾಚೆ ಇದೆ" ಎಂದ.

ಮನೆಗೆ ಬರುವ ದಾರಿಯಲ್ಲಿ ಸ್ಕೂಟರಿನ ಹಿಂದಿನಿಂದ ಅಮ್ಮ ಹೇಳಿದಳು: "ನಾನೂ ದೇಹ ಬರ್ಕೊಟ್ಟಿದೀನಿ ಕಣೋ. ನಿಮ್ಮಪ್ಪ ಮಲಗಿದ್ದ ಮೇಜೇ ಸಿಗುತ್ತೆ ಅಂತ."

ನಿಮ್ಮ ಹಾಗೇ ಅವಳೂ ಯಾರನ್ನೂ ಕೇಳಿರಲಿಲ್ಲ.