ಕಡಲೊಳಗಿನ ಟಕ್ ಟಕ್

ಅಣ್ಣಾ,

ಹಡಗು ಅಲುಗುತ್ತಿದೆ, ಅಕ್ಷರ ಕಾಗೆಕಾಲು ಗುಬ್ಬಿಕಾಲು ಆದರೆ ಬಯ್ಯಬೇಡ. ಕೂತಲ್ಲಿ ಕೂರಲಾಗುತ್ತಿಲ್ಲ.

ನನ್ನ ಕೆಲಸ ಕಡಲಿಗೆ ಮೈಕು ಇಳಿಬಿಟ್ಟು ಕೇಳುತ್ತಾ ಕೂರುವುದು. ಇಲ್ಲಿ ನೀರು ಅಷ್ಟು ಆಳವಿಲ್ಲ. ಮೇಲಿನ ಪದರ ಬೆಚ್ಚಗೆ, ಕೆಳಗಿನದು ತಣ್ಣಗೆ. ಸದ್ದು ಆ ಪದರಗಳಲ್ಲಿ ಬಾಗಿ, ತಳಕ್ಕೆ ಬಡಿದು, ಮೇಲೆದ್ದು, ಮತ್ತೆ ಬಡಿದು, ಬೇಗ ಸಾಯುವುದೇ ಇಲ್ಲ.

ನಿನ್ನೆ ಬೆಳಿಗ್ಗೆ ಟಕ್ ಟಕ್ ಕೇಳಿಸಿತು. "ಹತ್ತಿರದಲ್ಲೇ ಇನ್ನೊಂದು ಹಡಗಿದೆ!" ಎಂದು ಕೂಗಿಬಿಟ್ಟೆ. ಅಡುಗೆಯವನೂ ಸೇರಿ ಎಲ್ಲರೂ ಮೇಲಕ್ಕೆ ಓಡಿಬಂದರು. ಸುತ್ತ ಬರೀ ನೀರು, ಸದ್ದೂ ಇಲ್ಲ. ಅವರು ಕೆಳಗಿಳಿದರೆ ಮತ್ತೆ ಟಕ್ ಟಕ್. ಮೂರು ಸಲ ಹೀಗೇ ಆಯಿತು. ಕೊನೆಗೆ ಕ್ಯಾಪ್ಟನ್ ಅಡುಗೆಯವನ ಹಿಂದೆಯೇ ಇಳಿದು ನೋಡಿದರೆ, ಅವನು ಶುಂಠಿ ಕುಟ್ಟುತ್ತಿದ್ದ. ಅವನ ಕೈ ಹಿಡಿದು ನಿಲ್ಲಿಸಿ "ಈಗ ನಿಂತಿತಾ?" ಎಂದು ಅಲ್ಲಿಂದಲೇ ಕೂಗಿದರು. ಆಮೇಲೂ ಮೂರು ಸೆಕೆಂಡ್ ನನ್ನ ಕಿವಿಯಲ್ಲಿ ಕಡಲು ಕುಟ್ಟುತ್ತಲೇ ಇತ್ತು.

"ಏನಮ್ಮಾ, ನಮ್ಮ ಸದ್ದನ್ನ ನಾವೇ ದುರ್ಬೀನು ಹಿಡ್ಕೊಂಡು ಹುಡುಕಿದ್ವಲ್ಲ!" ಅಂದರು. ತಲೆ ಎತ್ತಲಾಗಲಿಲ್ಲ.

ನೆಗಡಿ ಬಿಟ್ಟರೆ ಚೆನ್ನಾಗಿದ್ದೇನೆ. ಅಂಚೆ ಒಯ್ಯುವ ದೋಣಿಯವನು ಅವಸರ ಮಾಡುತ್ತಿದ್ದಾನೆ, ಒಂದೇ ಮಾತು. ನಾನು ಹೊರಟ ದಿನ ಬಾಗಿಲಿನ ಚಿಲಕ ಕಿತ್ತುಬಂದಿತ್ತಲ್ಲ, ಗಾಳಿಗೆ ಹಾಗಾಯಿತು ಅಂತ ಅತ್ತಿಗೆಗೆ ಫೋನಿನಲ್ಲಿ ಹೇಳಿದ್ದೆ. ಗಾಳಿಯಲ್ಲ. ನಿನ್ನ ಮೇಲಿನ ಸಿಟ್ಟಿಗೆ ನಾನೇ ಬಾಗಿಲನ್ನು ದಢಾರನೆ ಎಳೆದದ್ದು. ಆ ಸದ್ದು ಇನ್ನೂ ನಿಂತಿಲ್ಲ ಅಣ್ಣಾ. ಚಿಲಕ ಹಾಗೇ ಇರಲಿ, ನಾನೇ ಬಂದು ಕೂರಿಸುತ್ತೇನೆ.

ನಿನ್ನ ತಂಗಿ