ಅರ್ಧ ಲೋಟ ಕಾಫಿ ಮತ್ತು ನೆತ್ತರುನಕ್ಷೆ

ಅರಸೀಕೆರೆ
ಫೆಬ್ರವರಿ ಮೂವತ್ತು, ೨೧೯೧

ಹೆಸರು ತಿಳಿಯದ ತಮಗೆ ಹಾಲಾಂಬಿಕೆ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖನ್ನು ನೋಡಿ ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ತಿಂಗಳುಗಳನ್ನೆಲ್ಲ ಸರಿಮಾಡಿದ ಮೇಲೆ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿದೆ. ಪಾಪ, ಬಹಳ ಕಾಲ ಕಾದಿತ್ತು. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಬೇಕು. ತಮ್ಮ ಕಾಲದ ಕನ್ನಡದಲ್ಲೇ ಬರೆಯಬೇಕೆಂದು ಕುಳಿತಿದ್ದೇನೆ, ಆದರೆ ಅಜ್ಜಿಯ ರವಿಕೆ ತೊಟ್ಟ ಹಾಗೆ ಅದು ಅಲ್ಲಲ್ಲಿ ಬಿಗಿಯುತ್ತದೆ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಹೋಗುವ ಅಂಚೆ. ಒಬ್ಬರು ಜೀವಮಾನದಲ್ಲಿ ಒಂದೇ ಒಂದು ಕಾಗದ ಹಾಕಬಹುದು. ವಿಳಾಸದಲ್ಲಿ ಹೆಸರು ಬರೆಯುವಂತಿಲ್ಲ, ಎಂಥವರಿಗೆ ಸೇರಬೇಕು ಎಂದಷ್ಟೇ ಬರೆಯಬೇಕು. ತಲೆಯ ಚಿತ್ರ ತೆಗೆಸಿಕೊಳ್ಳಲು ಆಸ್ಪತ್ರೆಯ ಬೆಂಚಿನ ಮೇಲೆ ಕಾದು ಕುಳಿತವರಿಗೆ ಎಂದು ನಾನು ಬರೆದಿದ್ದೇನೆ. ಹಾಗಾಗಿ ಇದು ತಮ್ಮ ಕೈ ಸೇರಿದ್ದರೆ ತಾವು ಹೆದರಿ ಕುಳಿತಿದ್ದೀರಿ ಎಂದೇ ಅರ್ಥ. ಮೂರು ತಿಂಗಳ ಹಿಂದೆ ಯಜಮಾನರ ಪಕ್ಕದಲ್ಲಿ ನಾನೂ ಹಾಗೆಯೇ ಕುಳಿತಿದ್ದೆ.

ನಮ್ಮ ಯಜಮಾನರ ಹೆಸರು ಮರುಳಸಿದ್ದಪ್ಪ. ಅರಸೀಕೆರೆ ಜಂಕ್ಷನ್ನಿನಲ್ಲಿ ಕರೆಗಾರರು. ನಮ್ಮ ಗಾಡಿಗಳು ಹಳಿಯ ಮೇಲೆ ಒಂದು ಗೇಣು ಎತ್ತರದಲ್ಲಿ ತೇಲಿಕೊಂಡು ಬರುತ್ತವೆ, ಓಡಿಸುವವರು ಯಾರೂ ಇರುವುದಿಲ್ಲ, ಆದರೂ ಹೊತ್ತಿಗೆ ಸರಿಯಾಗಿ ಬರುವ ಬುದ್ಧಿ ಅವಕ್ಕೆ ಇನ್ನೂ ಬಂದಿಲ್ಲ. ಯಾವ ಗಾಡಿ ಎಲ್ಲಿಗೆ ಎಂದು ಯಂತ್ರ ಹೇಳಿದರೆ ನಮ್ಮ ಜನ ನಂಬುವುದಿಲ್ಲ. ಮನುಷ್ಯನೇ ಕೂಗಿ ಹೇಳಬೇಕು ಎಂದು ಊರಿಗೆ ಊರೇ ಹಟ ಹಿಡಿದು ಆ ಕೆಲಸವನ್ನು ಉಳಿಸಿಕೊಂಡಿದೆ. ಇವರ ದನಿ ಸ್ಟೇಷನ್ನಿನಿಂದ ನಮ್ಮ ಅಡುಗೆಮನೆಯ ಕಿಟಕಿಯವರೆಗೂ ಕೇಳುತ್ತದೆ. ಮದುವೆಯಾದ ಹೊಸದರಲ್ಲಿ ನನಗದು ತಲೆನೋವಾಗಿತ್ತು, ಆಮೇಲೆ ಗಡಿಯಾರವಾಯಿತು. ಮನೆಯಲ್ಲಿ ಮಾತ್ರ ನನ್ನ ಹೆಸರು ಹಿಡಿದು ಕರೆದವರಲ್ಲ, ನಾನು ಯಾವಾಗಲೂ 'ಇವಳೇ'.

ಕಳೆದ ಕಾರ್ತೀಕದಲ್ಲಿ ಒಂದು ಸಂಜೆ ಅವರು ಶಿವಮೊಗ್ಗದ ಗಾಡಿಯನ್ನು ತಿಪಟೂರು ಎಂದು ಕೂಗಿದರು. ಒಂದು ಮದುವೆ ದಿಬ್ಬಣವೇ ತಪ್ಪು ಗಾಡಿ ಹತ್ತಿಹೋಯಿತು. ಊರೆಲ್ಲ ನಕ್ಕಿತು, ನಾನೂ ನಕ್ಕೆ. ಮಾರನೆಯ ದಿನ ಊಟಕ್ಕೆ ಕುಳಿತವರು ಉಪ್ಪಿನ ಬಟ್ಟಲನ್ನು ತೋರಿಸಿ 'ಅದು, ಅದು' ಎಂದು ತಡವರಿಸಿದಾಗ ನನ್ನ ನಗು ನಿಂತುಹೋಯಿತು. ತಲೆಯ ಎಡಭಾಗದಲ್ಲಿ, ಮಾತು ಹುಟ್ಟುವ ಜಾಗಕ್ಕೆ ತಾಗಿಕೊಂಡು, ಗೆಡ್ಡೆ ಬೆಳೆದಿತ್ತು. ತೆಗೆಯಲೇಬೇಕು ಎಂದರು ಡಾಕ್ಟರ್ ತಸ್ಕೀನ್. ಮಾತು ಉಳಿಯುತ್ತದೆಯೇ ಎಂದು ನಾನು ಕೇಳಿದೆ. ಗೆಡ್ಡೆಗೆ ರಕ್ತ ಎಲ್ಲಿಂದ, ಎಷ್ಟು ಬರುತ್ತಿದೆ ಎಂದು ತಿಳಿಯದೆ ಏನೂ ಹೇಳಲಾರೆ ಎಂದರು. ತಲೆ ತೆರೆದ ಮೇಲೆ ರಕ್ತ ಉಕ್ಕಿದರೆ ಅದನ್ನು ನಿಲ್ಲಿಸುವ ಅವಸರದಲ್ಲಿ ಪಕ್ಕದ ಜಾಗಕ್ಕೆ ಪೆಟ್ಟು ಬೀಳುತ್ತದಂತೆ. ಕರೆಗಾರನ ಮಾತು ಹೋದರೆ ಉಳಿಯುವುದೇನು?

ಅದನ್ನು ತಿಳಿಯುವುದಕ್ಕೆ ಇರುವುದು ನೆತ್ತರುನಕ್ಷೆ. ಸೂಜಿ ಚುಚ್ಚುವುದಿಲ್ಲ, ಬಣ್ಣದ ಮದ್ದು ಏರಿಸುವುದಿಲ್ಲ, ತೊಡೆಯಿಂದ ತಲೆಯವರೆಗೆ ಕೊಳವೆ ತೂರಿಸುವುದಿಲ್ಲ. ಕಾಂತತೊಟ್ಟಿಲು ಎಂಬುದರಲ್ಲಿ ಸುಮ್ಮನೆ ಮಲಗಬೇಕು. ಕುತ್ತಿಗೆಯ ಬಳಿ ಹರಿಯುವ ರಕ್ತಕ್ಕೆ ಅಯಸ್ಕಾಂತವೇ ಒಂದು ಗಳಿಗೆಯ ಗುರುತು ಹಾಕುತ್ತದೆ. ಗುರುತು ಬಿದ್ದ ರಕ್ತ ತಲೆಯಲ್ಲಿ ಎಲ್ಲೆಲ್ಲಿಗೆ ಹೋಯಿತು ಎಂದು ಚಿತ್ರ ಬರುತ್ತದೆ. ಕಾಲುವೆಯ ನೀರಿಗೆ ಅರಿಶಿನ ಕಲಸಿ ಯಾವ ಗದ್ದೆಗೆ ಹಳದಿ ನೀರು ಬಂತು ಎಂದು ನೋಡಿದ ಹಾಗೆ. ತಮ್ಮ ಕಾಲದಲ್ಲಿ ಈ ಯಂತ್ರ ಗಡಗಡ ಸದ್ದು ಮಾಡುತ್ತಿತ್ತಂತೆ. ಈಗಿನದು ಸದ್ದೇ ಮಾಡುವುದಿಲ್ಲ, ನಮ್ಮವರು ಅದರೊಳಗೆ ಗೊರಕೆ ಹೊಡೆದು ಎರಡು ಸಲ ಬೈಸಿಕೊಂಡರು.

ಅದಕ್ಕೆ ಒಂದು ಪಥ್ಯವಿದೆ. ಹಿಂದಿನ ದಿನದಿಂದ ಕಾಫಿ ಮುಟ್ಟಬಾರದು. ಕಾಫಿ ಕುಡಿದರೆ ಮಿದುಳಿನ ರಕ್ತನಾಳಗಳು ಮುದುಡಿಕೊಂಡು ಹರಿವು ತಗ್ಗುತ್ತದೆ, ನಕ್ಷೆ ಸುಳ್ಳು ಹೇಳುತ್ತದೆ. ಈಗ ನಮ್ಮಲ್ಲಿ ಮನೆಮನೆಗೆ ಒಲೆ ಉರಿಯುವುದಿಲ್ಲ. ಬೀದಿಯಡುಗೆ ಎಂದು ಬೀದಿಗೊಂದು ಅಡುಗೆಮನೆ ಇದೆ, ಅಲ್ಲಿ ಸರದಿಯಲ್ಲಿ ಬೇಯಿಸಿ ಎಲ್ಲರ ಮನೆಗೂ ಕಳುಹಿಸುತ್ತೇವೆ. ಪಥ್ಯವಿದ್ದರೆ ಆಸ್ಪತ್ರೆಯವರು ನೇರವಾಗಿ ಬೀದಿಯಡುಗೆಗೇ ಹೇಳುತ್ತಾರೆ, ಅಲ್ಲಿ ತಪ್ಪಾಗುವುದಿಲ್ಲ. ಆದರೆ ಕಾಫಿಯನ್ನು ಮಾತ್ರ ನಮ್ಮ ಜನ ಬೀದಿಯಡುಗೆಗೆ ಬಿಟ್ಟುಕೊಟ್ಟಿಲ್ಲ. ಅವರವರ ಮನೆಯ ಡಿಕಾಕ್ಷನ್ನು ಅವರವರದೇ.

ನಮ್ಮ ಮನೆಯ ಡಿಕಾಕ್ಷನ್ನಿನ ಒಡತಿ ಇವರ ಅಕ್ಕ ಸಾವಂತ್ರಮ್ಮನವರು. ಮನಸ್ಸು ಬೆಣ್ಣೆ, ಬುದ್ಧಿ ಅವರದೇ. ಹೊರಡುವ ಬೆಳಿಗ್ಗೆ ನಾನು ಇವರ ಪಂಚೆ ಮಡಚಿ ಚೀಲಕ್ಕೆ ತುಂಬುತ್ತಿದ್ದಾಗ ಒಳಗೆ ಏನು ನಡೆಯಿತು ಎಂದು ನನಗೆ ಗೊತ್ತಾಗಲಿಲ್ಲ.

ನಕ್ಷೆ ಬಂದ ಮೇಲೆ ನಕ್ಷೆಪಂಕ್ತಿ ಕೂರುವುದು ನಮ್ಮ ಕಾಲದ ಪದ್ಧತಿ. ಊಟದ ಪಂಕ್ತಿಯಂತೆ ಮನೆಯವರೆಲ್ಲ ಚಾಪೆಯ ಮೇಲೆ ಕೂರುತ್ತಾರೆ, ನಡುವೆ ನೆಲದ ಮೇಲೆ ರೋಗಿಯ ತಲೆಯ ನಕ್ಷೆ ಬೆಳಗುತ್ತದೆ. ಡಾಕ್ಟರೂ ನೆಲದ ಮೇಲೆಯೇ ಕುಳಿತು ಬೆರಳಿಟ್ಟು ತೋರಿಸಬೇಕು. ಪಥ್ಯ ನಡೆಯಿತೇ ಎಂದು ಮೊದಲು ಎಲ್ಲರನ್ನೂ ಕೇಳುತ್ತಾರೆ. ನಡೆಯಿತು ಎಂದರು ಅಕ್ಕ. ನಡೆಯಿತು ಎಂದರು ಇವರು, ಚಾಪೆಯ ಅಂಚನ್ನು ನೋಡುತ್ತಾ. ನಕ್ಷೆಯಲ್ಲಿ ಗೆಡ್ಡೆ ತೆಳ್ಳಗೆ, ಬಿಳಿಚಿಕೊಂಡು ಕಾಣುತ್ತಿತ್ತು. ಇದಕ್ಕೆ ರಕ್ತ ಹೆಚ್ಚಿಲ್ಲ, ನೇರವಾಗಿ ತೆಗೆಯಬಹುದು, ನಾಳೆಯೇ ಆಗಲಿ ಎಂದರು ಡಾಕ್ಟರ್. ಕೊನೆಗೆ ಹೆಂಡತಿಯಾದ ನಾನು ಹೂಂ ಎನ್ನಬೇಕು. ಅಂದುಬಿಟ್ಟೆ. ಎಲ್ಲರೂ ಏಳುತ್ತಿದ್ದೆವು.

ಆಗ ಸಾವಂತ್ರಮ್ಮನವರಿಗೆ ಸಂತೋಷ ತಡೆಯಲಾಗಲಿಲ್ಲ. "ನೋಡಿದ್ರಾ ಡಾಕ್ಟ್ರಮ್ಮ, ಬರೀ ಹೊಟ್ಟೇಲಿ ಹೋಗ್ಬಾರ್ದು ಅಂತ ನಾನೇ ಅರ್ಧ ಲೋಟ ಕಾಫಿ ಕೊಟ್ಟು ಕಳ್ಸಿದ್ದೆ. ಅದಕ್ಕೇ ಎಲ್ಲಾ ಒಳ್ಳೇದಾಯ್ತು," ಎಂದರು.

ಡಾಕ್ಟರ್ ತಸ್ಕೀನ್ ಏಳುತ್ತಿದ್ದವರು ಹಾಗೆಯೇ ಕುಳಿತುಬಿಟ್ಟರು. "ಅರ್ಧವೋ, ಪೂರ್ತಿಯೋ?" ಎಂದು ಕೇಳಿದರು. ಇವರು ಮೆಲ್ಲಗೆ, "ಅರ್ಧರ್ಧ ಎರಡು ಸಲ," ಎಂದರು. ಆ ಕ್ಷಣ ಅಕ್ಕ ತಮ್ಮ ಇಬ್ಬರ ಮೇಲೂ ನನಗೆ ಬಂದ ಸಿಟ್ಟನ್ನು ಬರೆದರೆ ಹಿಂದಂಚೆಯವರು ಕಾಗದವನ್ನು ವಾಪಸು ಕಳುಹಿಸಿಯಾರು. ಆದರೆ ಆ ಹೆಂಗಸು ಜಂಬ ಕೊಚ್ಚಿಕೊಳ್ಳದೆ ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು?

ಇನ್ನೊಂದು ನಕ್ಷೆ ಆಗಲೇಬೇಕು ಎಂದರು ಡಾಕ್ಟರ್. ಕಾಫಿ ಹತ್ತಿರ ಸುಳಿಯದಂತೆ ಎರಡು ದಿನ ನಾನು ಯಜಮಾನರನ್ನು ಬಿಟ್ಟು ಅಲುಗಾಡಲಿಲ್ಲ. ಎರಡನೆಯ ನಕ್ಷೆ ಬಂತು. ಅದೇ ಗೆಡ್ಡೆ, ಈ ಸಲ ಕೆಂಡದ ಹಾಗೆ ಉರಿಯುತ್ತಿತ್ತು. ಹಿಂಬದಿಯಿಂದ ಒಂದು ದಪ್ಪ ನಾಳ ಬಂದು ಅದಕ್ಕೆ ಉಣ್ಣಿಸುತ್ತಿತ್ತು, ಮೊದಲ ನಕ್ಷೆಯಲ್ಲಿ ಅದು ಎದ್ದು ಕಂಡೇ ಇರಲಿಲ್ಲ. ಅದನ್ನು ಮುಟ್ಟಿದ್ದರೆ ಉಕ್ಕಿಬಿಡುತ್ತಿತ್ತು ಎಂದರು ಡಾಕ್ಟರ್. ಮೊದಲು ಆ ನಾಳವನ್ನು ಹೊರಗಿನಿಂದಲೇ ಶಬ್ದದ ಕಿರಣ ಹಾಯಿಸಿ ಮುಚ್ಚಿದರು, ಆಮೇಲೆ ಗೆಡ್ಡೆಯನ್ನು ತೆಗೆದರು. ಹೆಚ್ಚು ರಕ್ತ ಹೋಗಲಿಲ್ಲ. ಇವರಿಗೆ ಎಚ್ಚರವಾದಾಗ ನಾನು ಮುಖದ ಹತ್ತಿರ ಬಗ್ಗಿದ್ದೆ. ತುಟಿ ಅಲುಗಿತು. "ಇವಳೇ, ಇಲ್ಲಿ ಕಾಫಿ ಕೊಡ್ತಾರಾ?" ಎಂದರು. ನನಗೆ ನಗು ಬಂತೋ ಅಳು ಬಂತೋ ಗೊತ್ತಿಲ್ಲ, ಸೆರಗೆಲ್ಲ ಒದ್ದೆಯಾಯಿತು.

ಇದನ್ನೆಲ್ಲ ತಮಗೇಕೆ ಬರೆದೆ ಎಂದು ಹೇಳುತ್ತೇನೆ. ಕಾಫಿ ನಕ್ಷೆಯನ್ನು ಕೆಡಿಸುತ್ತದೆ ಎಂದು ಮೊದಲು ಹೇಗೆ ಗೊತ್ತಾಯಿತು ಎಂದು ನಾನು ಡಾಕ್ಟರನ್ನು ಕೇಳಿದೆ. ತಮ್ಮ ಕಾಲದಲ್ಲಿ ಇದಿನ್ನೂ ಕಲಿಯುವ ವಿದ್ಯೆಯಾಗಿತ್ತಂತೆ. ಆಗಿನ ಕೆಲವು ರೋಗಿಗಳು ತಂತಮ್ಮ ಚಿತ್ರ ತೆಗೆದು ಮುಗಿದ ಮೇಲೂ, ಅದರಿಂದ ಮೂರು ಕಾಸಿನ ಉಪಯೋಗವಿಲ್ಲ ಎಂದು ಗೊತ್ತಿದ್ದೂ, ಕಲಿಯುವವರಿಗಾಗಿ ಆ ಗಡಗಡ ಸದ್ದಿನಲ್ಲಿ ಇನ್ನೂ ಸ್ವಲ್ಪ ಹೊತ್ತು ಅಲುಗದೆ ಮಲಗಿದರಂತೆ. ಕಾಫಿ ಕುಡಿದವರ ಚಿತ್ರವನ್ನೂ ಕುಡಿಯದವರ ಚಿತ್ರವನ್ನೂ ಹೋಲಿಸಿ ನೋಡಿದಾಗ ಇದು ತಿಳಿಯಿತಂತೆ. ಅವರ ಹೆಸರುಗಳನ್ನು ಯಾರೂ ಬರೆದಿಟ್ಟಿಲ್ಲ. ನಮ್ಮವರ ಮಾತು ಉಳಿದದ್ದು ಅವರಿಂದ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಇವತ್ತು ಯಾರಾದರೂ ಬಂದು ಇನ್ನು ಸ್ವಲ್ಪ ಹೊತ್ತು ಮಲಗುತ್ತೀರಾ ಎಂದು ಕೇಳಿದರೆ, ದೇಹಕ್ಕೆ ತ್ರಾಣವಿದ್ದರೆ, ಹೂಂ ಎನ್ನಿ. ಬೆಳಿಗ್ಗೆ ಕಾಫಿ ಕುಡಿದಿದ್ದರೆ ನಾಚಿಕೊಳ್ಳದೆ ಹೇಳಿಬಿಡಿ. ತಮಗೆ ಒಳ್ಳೆಯದಾಗಲಿ.

ಸಂಜೆಯಾಯಿತು. ಈ ಸೋಮವಾರದಿಂದ ನಮ್ಮವರು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ. ಅಡುಗೆಮನೆಯ ಕಿಟಕಿ ತೆರೆದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಗಾಡಿ ಬಂತು, ಎಂದಿನಂತೆ ತಡವಾಗಿ. ಅಗೋ, ಕೂಗಿದರು. ಶಿವಮೊಗ್ಗ ಎಂದೇ ಕೂಗಿದರು.